ಡಬ್ಬಿಯೇ ಇಲ್ಲದ ಅರ್ಥ್‌ಕ್ಯಾಶ್‌ಗೆ ಇಷ್ಟೊಂದು ದುಡಿಮೆ ಏಕೆ?

ಓದುಗರ ಪ್ರಶ್ನೆ: ಲಾಲ್‌ಬಾಗ್‌ನ ಬಂಡೆಯನ್ನು ಕುರಿತು ಒಂದು ಅರ್ಥ್‌ಕ್ಯಾಶ್ ರೂಪಿಸಲು ಎರಡು ಸಲ ಪ್ರಯತ್ನಿಸಿದೆ. (ಒಬ್ಬರು ಅಡಗಿಸಿಟ್ಟ ಡಬ್ಬಿಯನ್ನು ಇತರರು ಜಿಪಿಎಸ್ ನೆರವಿನಿಂದ ಹುಡುಕುವ ಆಟ ಜಿಯೋಕ್ಯಾಶಿಂಗ್; ಅದರಲ್ಲಿ ಡಬ್ಬಿಯ ಬದಲು ಒಂದು ಸ್ಥಳದ ಭೂವಿಜ್ಞಾನದ ಪಾಠವನ್ನೂ ಅಲ್ಲೇ ನೋಡಿ ಉತ್ತರಿಸಬೇಕಾದ ಪ್ರಶ್ನೆಗಳನ್ನೂ ಕೊಡುವ ಬಗೆಯೇ ಅರ್ಥ್‌ಕ್ಯಾಶ್.) ಎರಡು ಸಲವೂ, ಪ್ರಕಟಿಸುವ ಮೊದಲು ಕರಡನ್ನು ನೋಡುವ ಪರಿಶೀಲಕರು ತಿದ್ದುಪಡಿ ಕೇಳಿ ಹಿಂದಿರುಗಿಸಿದರು. ಪ್ರಕಟವಾದ ಮೇಲೆ ಕೆಲಸ ಇನ್ನೂ ಹೆಚ್ಚುತ್ತದೆ ಎಂದು ಗೆಳೆಯರೊಬ್ಬರು ಹೇಳುತ್ತಾರೆ. ಅಡಗಿಸಿಡಲು ಡಬ್ಬಿಯೇ ಇಲ್ಲದಿರುವಾಗ ಇಷ್ಟು ಕಷ್ಟವೇಕೆ?

ಉತ್ತರ: ಸಾಮಾನ್ಯ ಜಿಯೋಕ್ಯಾಶ್ ಇಟ್ಟವರು ಒಂದು ಡಬ್ಬಿಯನ್ನು ಕಾಯುತ್ತಾರೆ; ಅರ್ಥ್‌ಕ್ಯಾಶ್ ಇಟ್ಟವರು ಒಂದು ಪ್ರಶ್ನೆಯನ್ನು ಕಾಯಬೇಕಾಗುತ್ತದೆ. ಡಬ್ಬಿಗೆ ನೀರು ಹೊಕ್ಕರೆ ಅಥವಾ ಅದು ಕಳವಾದರೆ ಹೊಸದನ್ನು ಇಟ್ಟು ಬರಬಹುದು. ಪ್ರಶ್ನೆ ಹಳಸಿದರೆ, ಅದರ ಉತ್ತರ ಊರೆಲ್ಲ ಹರಡಿದರೆ, ಪಾಠವನ್ನೇ ಮತ್ತೆ ಕಟ್ಟಬೇಕಾಗುತ್ತದೆ. ನಿಮ್ಮ ಗೆಳೆಯರು ಹೇಳಿದ ಕಷ್ಟಗಳ ಬಹುಪಾಲು ಇಲ್ಲಿಂದಲೇ ಹುಟ್ಟುತ್ತದೆ.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಅಮೆರಿಕ ಸರ್ಕಾರ 2000ದ ಮೇ ತಿಂಗಳ ಆರಂಭದಲ್ಲಿ ತೆಗೆದುಹಾಕಿದ ಕೂಡಲೇ, ಮೇ 3ರಂದು, ಡೇವ್ ಅಲ್ಮರ್ ಎಂಬವರು ಆರೆಗಾನ್ ರಾಜ್ಯದ ಕಾಡಿನಂಚಿನಲ್ಲಿ ಒಂದು ಬಕೆಟ್ ಹೂತಿಟ್ಟು ಅದರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿದರು. ಜಿಯೋಕ್ಯಾಶಿಂಗ್ ಹೀಗೆ ಆರಂಭವಾಯಿತು. ಏನನ್ನೂ ಇಡದೆ, ಏನನ್ನೂ ಅಗೆಯದೆ, ನೆಲವನ್ನೇ ಓದಿ ಬರುವ ಅರ್ಥ್‌ಕ್ಯಾಶ್ 2004ರಲ್ಲಿ ಜಿಯಲಾಜಿಕಲ್ ಸೊಸೈಟಿ ಆಫ್ ಅಮೆರಿಕದ ಆಶ್ರಯದಲ್ಲಿ ಬಂದಿತು. ಮೊದಲನೆಯದು ಇದ್ದದ್ದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ಮುರ್ರಮರಾಂಗ್ ರಾಷ್ಟ್ರೀಯ ಉದ್ಯಾನದ ಕಡಲ ದಂಡೆಯಲ್ಲಿ. ಅಲ್ಲಿಗೆ ಬಂದವರು ತಾವು ಕಂಡದ್ದನ್ನು ಬರೆದು ಅದನ್ನು ರೂಪಿಸಿದವರಿಗೆ ಕಳುಹಿಸಬೇಕು ಎಂಬ ಕ್ರಮ ಇಂದಿಗೂ ಮುಂದುವರಿದಿದೆ.

ಈಗ ನಿಮ್ಮ ಕರಡಿನ ವಿಷಯಕ್ಕೆ ಬರೋಣ. ಅದನ್ನು ನಾನು ನೋಡಿಲ್ಲ; ಆದರೂ ಲಾಲ್‌ಬಾಗ್ ಬಂಡೆಯನ್ನು ಕುರಿತು ಬರೆಯಲು ಕುಳಿತವರು ಎಲ್ಲಿ ಎಡವಬಹುದು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಮೊದಲನೆಯದಾಗಿ, ಬಂಡೆಯ ಮೇಲಿರುವ ಕೆಂಪೇಗೌಡರ ಗೋಪುರ ಲೇಖನಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಊರಿನ ಇತಿಹಾಸವನ್ನು ಎಷ್ಟು ಪ್ರೀತಿಯಿಂದ ಬರೆದರೂ ಅರ್ಥ್‌ಕ್ಯಾಶ್‌ನಲ್ಲಿ ಅದಕ್ಕೆ ಒಂದೆರಡು ಸಾಲಿಗಿಂತ ಹೆಚ್ಚಿನ ಜಾಗವಿಲ್ಲ, ಏಕೆಂದರೆ ಪಾಠ ಭೂವಿಜ್ಞಾನದ್ದೇ ಆಗಿರಬೇಕು, ಅದೂ ಆ ಸ್ಥಳದಲ್ಲಿ ಕಣ್ಣಿಗೆ ಕಾಣುವ ಸಂಗತಿಯನ್ನೇ ವಿವರಿಸಬೇಕು. ಎರಡನೆಯದಾಗಿ, ಈ ಬಂಡೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿರುವುದರಿಂದ ಅಲ್ಲಿ ಫಲಕವಿದೆ. ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ, ಇದು ಪೆನಿನ್ಸುಲಾರ್ ನೈಸ್ ಎಂಬ ಶಿಲೆ, ಆ ಹೆಸರನ್ನು ಕೊಟ್ಟವರು ಭೂವಿಜ್ಞಾನಿ ಡಬ್ಲ್ಯು. ಎಫ್. ಸ್ಮೀತ್ ಎಂಬ ವಿವರಗಳೆಲ್ಲ ಮನೆಯಲ್ಲಿ ಕುಳಿತು ಮೊಬೈಲಿನಲ್ಲೇ ಓದಲು ಸಿಗುತ್ತವೆ. ಹಾಗಿರುವಾಗ "ಈ ಬಂಡೆಯ ವಯಸ್ಸೆಷ್ಟು?" ಎಂದು ಕೇಳಿದರೆ ಪರಿಶೀಲಕರು ಹಿಂದಿರುಗಿಸಲೇಬೇಕು. ಅವರು ಸಂಬಳವಿಲ್ಲದೆ ಈ ಕೆಲಸ ಮಾಡುವ ಸ್ವಯಂಸೇವಕರು. ಅವರ ತಿದ್ದುಪಡಿಯನ್ನು ಕಿರುಕುಳವೆಂದು ತಿಳಿಯಬೇಡಿರೆಂದು ಕೇಳಿಕೊಳ್ಳುತ್ತೇನೆ. ನನ್ನ ಮೊದಲ ಕರಡೂ ಮೂರು ಸಲ ಹಿಂದಕ್ಕೆ ಬಂದಿತ್ತು, ಮೂರು ಸಲವೂ ಅವರ ಮಾತೇ ಸರಿಯಾಗಿತ್ತು.

ಹಾಗಾದರೆ ಕೇಳಬೇಕಾದದ್ದೇನು? ಆ ಬಂಡೆಯ ಮೇಲೆ ಬಗ್ಗಿ ನೋಡಿದರೆ ಬಿಳಿಚಿದ ಪಟ್ಟೆಗಳೂ ಕಪ್ಪು ಪಟ್ಟೆಗಳೂ ಒಂದರ ಪಕ್ಕದಲ್ಲೊಂದು ಹರಿದಿರುವುದು ಕಾಣುತ್ತದೆ. ತಿಳಿಬಣ್ಣದ ಪಟ್ಟೆಗಳಲ್ಲಿ ಬೆಣಚುಕಲ್ಲು ಮತ್ತು ಫೆಲ್ಡ್‌ಸ್ಪಾರ್ ಹೆಚ್ಚು. ಕಪ್ಪು ಪಟ್ಟೆಗಳಲ್ಲಿ ನಾವು ಕಾಗೆಬಂಗಾರ ಎನ್ನುವ ಅಭ್ರಕದ ಕಪ್ಪು ಬಗೆ ಹೆಚ್ಚು. ನೆಲದಾಳದ ಬಿಸಿ ಮತ್ತು ಒತ್ತಡಕ್ಕೆ ಸಿಕ್ಕ ಶಿಲೆಯಲ್ಲಿ ಖನಿಜಗಳು ಹೀಗೆ ಬೇರ್ಪಟ್ಟು ಸಾಲುಗಟ್ಟುತ್ತವೆ ಎಂಬುದು ಪಾಠ. ಇದನ್ನು ವಿವರಿಸಿದ ಮೇಲೆ, ನೀವು ಗುರುತಿಸಿದ ಜಾಗದಲ್ಲಿ ಅತಿ ಅಗಲವಾದ ಕಪ್ಪು ಪಟ್ಟೆ ಎಷ್ಟು ಬೆರಳಗಲವಿದೆ, ಅದು ನೇರವಾಗಿ ಸಾಗಿದೆಯೇ ಬಾಗಿದೆಯೇ, ಬಾಗಿದ್ದರೆ ಅದನ್ನು ಬಾಗಿಸಿದ್ದೇನಿರಬಹುದು ಎಂದು ಕೇಳಬಹುದು. ಇದಕ್ಕೆ ಉತ್ತರ ಫಲಕದಲ್ಲಿಲ್ಲ, ಅಂತರ್ಜಾಲದಲ್ಲಿಲ್ಲ. ಅಲ್ಲಿ ಬಗ್ಗಿ ನೋಡಿದವರಿಗೆ ಮಾತ್ರ ಸಿಗುತ್ತದೆ.

ನಿಜವಾದ ಇಕ್ಕಟ್ಟು ಎದುರಾಗುವುದು ಇದಾದ ಮೇಲೆ. ಒಂದೇ ಸರಿಯುತ್ತರವಿರುವ ಪ್ರಶ್ನೆಯನ್ನು ಪರಿಶೀಲಿಸುವುದು ಸುಲಭ, ಆದರೆ ಅದನ್ನು ನಕಲು ಮಾಡುವುದೂ ಅಷ್ಟೇ ಸುಲಭ. ಅವರವರ ನೋಟಕ್ಕೆ ಬಿಟ್ಟ ಪ್ರಶ್ನೆಯನ್ನು ನಕಲು ಮಾಡಲಾಗದು, ಆದರೆ ಬಂದ ಉತ್ತರ ನೋಡಿ ಬರೆದದ್ದೋ ಊಹಿಸಿ ಬರೆದದ್ದೋ ಎಂದು ತೂಗುವ ಭಾರ ನಿಮ್ಮ ಮೇಲೆ ಬೀಳುತ್ತದೆ. ಉಡುಪಿಯ ಮಲ್ಪೆಯಿಂದ ದೋಣಿಯಲ್ಲಿ ಹೋಗಬೇಕಾದ ಸೇಂಟ್ ಮೇರೀಸ್ ದ್ವೀಪಗಳನ್ನೇ ತೆಗೆದುಕೊಳ್ಳಿ. ಲಾವಾ ತಣ್ಣಗಾಗಿ ಕುಗ್ಗುವಾಗ ಬಿರುಕು ಬಿಟ್ಟು ನಿಂತ ಕಲ್ಲಿನ ಕಂಬಗಳು ಅಲ್ಲಿವೆ. "ಕಂಬಗಳಿಗೆ ಎಷ್ಟು ಮುಖಗಳಿವೆ?" ಎಂದರೆ, ಹೋಗದವರೂ "ಆರು" ಎಂದು ಬರೆಯುತ್ತಾರೆ, ಏಕೆಂದರೆ ಪುಸ್ತಕಗಳಲ್ಲಿರುವುದು ಷಟ್ಕೋನವೇ. ಆದರೆ ಪ್ರಕೃತಿಯ ಕಂಬಗಳು ಅಷ್ಟು ಶಿಸ್ತಿನವಲ್ಲ. ಐದು ಮುಖದವೂ ಏಳು ಮುಖದವೂ ನಡುನಡುವೆ ಇರುತ್ತವೆ. ಆದ್ದರಿಂದ ನಿಮಗೆ ಇಷ್ಟವಾದ ಐದು ಕಂಬಗಳನ್ನು ಆರಿಸಿ, ಒಂದೊಂದರ ಮುಖಗಳನ್ನೂ ಎಣಿಸಿ, ಎಲ್ಲವೂ ಒಂದೇ ತೆರನಾಗಿಲ್ಲದಿದ್ದರೆ ಏಕಿರಬಹುದೆಂದು ಬರೆಯಿರಿ ಎಂದು ಕೇಳುವುದು ಉತ್ತಮ. ಹೋಗಿ ಎಣಿಸಿದವರ ಉತ್ತರದಲ್ಲಿ ಸಣ್ಣಪುಟ್ಟ ಏರುಪೇರು ಇದ್ದೇ ಇರುತ್ತದೆ. ಆ ಏರುಪೇರೇ ಅವರು ಅಲ್ಲಿದ್ದರೆಂಬುದಕ್ಕೆ ಸಾಕ್ಷಿ.

ಅನುಮತಿಯ ಕಷ್ಟವನ್ನೂ ಹೇಳಬೇಕು. ಜಾಗದ ಮೇಲ್ವಿಚಾರಣೆ ಯಾರದೋ ಅವರಿಂದ ಒಪ್ಪಿಗೆ ಪಡೆಯುವಾಗ, ಏನನ್ನೂ ಇಡುವುದಿಲ್ಲ ಎಂಬ ಮಾತೇ ಅನುಮಾನಕ್ಕೆ ಕಾರಣವಾಗುವುದುಂಟು. ಒಂದು ಬೆಟ್ಟದ ಸಲುವಾಗಿ ನಾನು ಹೋಗಿದ್ದ ಕಚೇರಿಯಲ್ಲಿ, "ಏನೂ ಇಡುವುದಿಲ್ಲವೆಂದರೆ ಅನುಮತಿ ಯಾವುದಕ್ಕೆ ಸ್ವಾಮಿ?" ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದೇ. ಉತ್ತರವನ್ನು ಸಿದ್ಧಪಡಿಸಿಕೊಂಡು ಹೋಗದಿದ್ದದ್ದು ನನ್ನ ತಪ್ಪು. ಜನರು ಯಾವ ದಾರಿಯಲ್ಲಿ ಬರುತ್ತಾರೆ, ಎಲ್ಲಿ ನಿಂತು ಏನನ್ನು ನೋಡುತ್ತಾರೆ, ಕಲ್ಲನ್ನು ಒಡೆಯುವುದಾಗಲಿ ಗೀಚುವುದಾಗಲಿ ಇಲ್ಲ ಎಂಬುದನ್ನು ಕನ್ನಡದಲ್ಲಿ ಒಂದೇ ಪುಟದ ಪತ್ರವಾಗಿ ಬರೆದುಕೊಂಡು ಹೋದ ಮೇಲೆ ಕೆಲಸ ಸುಗಮವಾಯಿತು.

ಭಾಷೆಯ ವಿಷಯದಲ್ಲಿ ನನಗೆ ಸಂತೋಷ ಕೊಡುವ ನಿಯಮವೊಂದಿದೆ. ಅರ್ಥ್‌ಕ್ಯಾಶ್‌ನ ಪಾಠ ಆ ಪ್ರದೇಶದ ಭಾಷೆಯಲ್ಲಿರಬೇಕು. ಬೇರೆ ಭಾಷೆಗಳನ್ನು ಜೊತೆಗೆ ಸೇರಿಸಬಹುದು. ಬೆಂಗಳೂರಿನ ಬಂಡೆಯ ಪಾಠವನ್ನು ಕನ್ನಡದಲ್ಲಿ ಬರೆಯುವುದು ಹೆಚ್ಚುವರಿ ಹೊರೆಯೆಂದು ಕೆಲವರಿಗೆ ಅನ್ನಿಸುತ್ತದೆ, ಆದರೆ ಕಾಗೆಬಂಗಾರ, ಬೆಣಚುಕಲ್ಲು ಎಂಬ ಹೆಸರುಗಳು ಶಾಲೆಯ ಮಗುವಿಗೆ ತಟ್ಟನೆ ಹಿಡಿಯುವಷ್ಟು ಬಯೊಟೈಟ್, ಕ್ವಾರ್ಟ್ಜ್ ಹಿಡಿಯಲಾರವು. ಪಾಠ ಹದಿನಾಲ್ಕು ವರ್ಷದವರಿಗೆ ಅರ್ಥವಾಗುವಂತಿರಬೇಕೆಂಬ ನಿರೀಕ್ಷೆಯನ್ನು ಪೂರೈಸಲು ಇದಕ್ಕಿಂತ ಹತ್ತಿರದ ದಾರಿಯನ್ನು ನಾನು ಕಂಡಿಲ್ಲ.

ಪ್ರಕಟವಾದ ಮೇಲಿನ ಕೆಲಸವೆಂದರೆ ಮುಖ್ಯವಾಗಿ ಪತ್ರವ್ಯವಹಾರ. ಬಂದವರು ನಿಮ್ಮ ಒಪ್ಪಿಗೆಗೆ ಕಾಯದೆ ಭೇಟಿಯನ್ನು ಜಾಲತಾಣದಲ್ಲಿ ದಾಖಲಿಸಬಹುದು. ಉತ್ತರ ಬಾರದಿದ್ದರೆ ಆ ದಾಖಲೆಯನ್ನು ಅಳಿಸುವ ಅಧಿಕಾರ ನಿಮಗಿದೆ. ಅಳಿಸಿದರೆ ಮನಸ್ತಾಪ, ಅಳಿಸದಿದ್ದರೆ ಪ್ರಾಮಾಣಿಕವಾಗಿ ನೋಡಿ ಬರೆದವರಿಗೆ ಅನ್ಯಾಯ. ನಾನು ಮೊದಲು ಸೌಮ್ಯವಾದ ನೆನಪೋಲೆ ಬರೆದು, ಎರಡು ವಾರ ಬಿಟ್ಟು, ಆಮೇಲಷ್ಟೇ ಅಳಿಸುತ್ತೇನೆ. ಸ್ಥಳದಲ್ಲಿ ತೆಗೆದ ಫೋಟೊವನ್ನು ಕಡ್ಡಾಯವಾಗಿ ಕೇಳಲು ಹಲವು ವರ್ಷ ಅವಕಾಶವಿರಲಿಲ್ಲ. 2019ರಲ್ಲಿ ಅದು ಮತ್ತೆ ದೊರೆತ ಮೇಲೆ ಹೋಗದೆ ದಾಖಲಿಸುವವರನ್ನು ಗುರುತಿಸುವುದು ಸುಲಭವಾಗಿದೆ. ಆದರೂ ಫೋಟೊ ಪ್ರಶ್ನೆಗೆ ಬದಲಿಯಾಗಲಾರದು.

ಸ್ಥಳವೂ ಸ್ಥಿರವಲ್ಲ ಎಂಬುದನ್ನು ಮರೆಯಬೇಡಿ. ಮಾಲ್ಟಾದ ಗೋಜೋ ದ್ವೀಪದಲ್ಲಿದ್ದ ಅಜ್ಯೂರ್ ವಿಂಡೋ ಎಂಬ ಕಲ್ಲಿನ ಕಮಾನು 2017ರ ಮಾರ್ಚ್ 8ರ ಬಿರುಗಾಳಿಗೆ ಸಮುದ್ರಕ್ಕೆ ಕುಸಿಯಿತು. ನಮ್ಮಲ್ಲಿ ಅಂಥ ದೊಡ್ಡ ಘಟನೆ ಬೇಕಿಲ್ಲ. ಹೊಸ ಬೇಲಿ ಬಂದರೆ, ಫಲಕ ಜಾಗ ಬದಲಿಸಿದರೆ, ಮಳೆಗಾಲದಲ್ಲಿ ಮಲ್ಪೆಯ ದೋಣಿ ನಿಂತರೆ ಪ್ರಶ್ನೆ ನಿಷ್ಪ್ರಯೋಜಕವಾಗುತ್ತದೆ. ಫಲಕವನ್ನು ಆಧರಿಸಿದ ಪ್ರಶ್ನೆಯನ್ನು ನಾನು ಇಷ್ಟಪಡದಿರಲು ಇದೂ ಒಂದು ಕಾರಣ. ವರ್ಷಕ್ಕೊಮ್ಮೆಯಾದರೂ ನೀವೇ ಹೋಗಿ ನಿಮ್ಮ ಪ್ರಶ್ನೆಗೆ ಉತ್ತರ ಬರೆದು ನೋಡಬೇಕು. ಅದಕ್ಕೆ ಬಿಡುವಿಲ್ಲದ ಕಾಲ ಬಂದರೆ ಆಸಕ್ತಿಯುಳ್ಳ ಮತ್ತೊಬ್ಬರಿಗೆ ಒಪ್ಪಿಸಿಬಿಡುವುದು ಒಳ್ಳೆಯದು.

ಮೂರನೆಯ ಸಲ ಕಳುಹಿಸುವ ಮೊದಲು ನಿಮ್ಮ ಕರಡನ್ನು ಭೂವಿಜ್ಞಾನ ಓದದ ಮನೆಯವರೊಬ್ಬರ ಕೈಗೆ ಕೊಟ್ಟು, ಬೆಳಗಿನ ಓರೆಬಿಸಿಲಿನಲ್ಲಿ ಲಾಲ್‌ಬಾಗ್‌ಗೆ ಕರೆದುಕೊಂಡು ಹೋಗಿ, ನೀವು ಬಾಯಿ ಬಿಡದೆ ಹಿಂದೆ ನಿಂತಿರಿ. ಅವರು ಎಲ್ಲಿ ಹಾಳೆಯಿಂದ ತಲೆಯೆತ್ತಿ ನಿಮ್ಮ ಮುಖ ನೋಡುತ್ತಾರೋ ಆ ವಾಕ್ಯವನ್ನು ತಿದ್ದಿ.