ಗುರುತು ಹಾಕಿ ಎಷ್ಟು ಸೆಕೆಂಡಾಯಿತು?

ಯುದ್ಧನೌಕೆಯ ರಾಡಾರ್ ಪರದೆಯಲ್ಲಿ ಕಾಣುವ ಚುಕ್ಕೆಯ ಮೇಲೆ ನಿರ್ವಾಹಕ ಗುರುತು ಕೂರಿಸುತ್ತಾನೆ. ಹಿಂದಿನ ಗುರುತುಗಳಿಂದ ವೇಗವನ್ನೂ ದಿಕ್ಕನ್ನೂ ಲೆಕ್ಕ ಹಾಕಿ, ಗುರುತನ್ನು ಮುಂದಕ್ಕೆ ಸರಿಸುತ್ತಾ ಹೋಗುವುದು ಯಂತ್ರದ ಕೆಲಸ. ಬ್ರಿಟಿಷ್ ವಿಮಾನವಾಹಕ ನೌಕೆ ವಿಕ್ಟೋರಿಯಸ್ 1958ರಲ್ಲಿ ಇಂಥ ವ್ಯವಸ್ಥೆಯೊಂದಿಗೆ ಸೇವೆಗೆ ಮರಳಿತು. ಇದೇ ವ್ಯವಸ್ಥೆಗಾಗಿ ಬ್ರಿಟಿಷ್ ನೌಕಾಪಡೆಯ ಎಂಜಿನಿಯರ್ ರಾಲ್ಫ್ ಬೆಂಜಮಿನ್ 1946ರಲ್ಲಿ ಟ್ರ್ಯಾಕ್‌ಬಾಲ್ ರೂಪಿಸಿದ್ದರು, ಅಂದರೆ ಕೈಯಿಂದ ಉರುಳಿಸಿ ಗುರುತನ್ನು ಸರಿಸುವ ಚೆಂಡು. ಅದು ಸೇನಾ ರಹಸ್ಯವಾಗಿಯೇ ಉಳಿಯಿತು. ನಿರ್ವಾಹಕರ ಕೈಗೆ ಸಿಕ್ಕಿದ್ದು ಜಾಯ್‌ಸ್ಟಿಕ್.

ಇಂಥ ಗುರುತಿನ ನಿಖರತೆ ಎಷ್ಟು ಎಂದು ಕೇಳುವವರು ಮೀಟರ್‌ಗಳಲ್ಲಿ ಉತ್ತರ ಬಯಸುತ್ತಾರೆ. ನನ್ನ ವೃತ್ತಿಯಲ್ಲಿ ಸ್ಥಾನದ ತಪ್ಪಿಗಿಂತ ವೇಗದ ತಪ್ಪೇ ಹೆಚ್ಚು ಕಾಡಿದೆ. ಆಂಟೆನಾ 10 ಸೆಕೆಂಡಿಗೊಂದು ಸುತ್ತು ಹಾಕುತ್ತದೆ, ಪ್ರತಿ ಗುರುತೂ ಸುಮಾರು 500 ಮೀಟರ್ ಆಚೀಚೆ ಬೀಳುತ್ತದೆ ಎಂದುಕೊಳ್ಳೋಣ. ಸತತ ಎರಡು ಗುರುತುಗಳಿಂದ ತೆಗೆದ ವೇಗದಲ್ಲಿ ಆಗ ಸೆಕೆಂಡಿಗೆ 70 ಮೀಟರ್ ತಪ್ಪು ಸಹಜ. ಸೆಕೆಂಡಿಗೆ 250 ಮೀಟರ್ ಸಾಗುವ ವಿಮಾನದ ದಿಕ್ಕು ಅಷ್ಟರಿಂದಲೇ 16 ಡಿಗ್ರಿ ತಪ್ಪಬಹುದು.

ಒಂದು ನಿಮಿಷದ ಅಂತರದ ಗುರುತುಗಳನ್ನು ಬಳಸಿದರೆ ತಪ್ಪು 3 ಡಿಗ್ರಿಗೆ ಇಳಿಯುತ್ತದೆ, ನಿಜ. ಆದರೆ ಸೆಕೆಂಡಿಗೆ 3 ಡಿಗ್ರಿಯಂತೆ ತಿರುಗುವ ವಿಮಾನ ಆ ಒಂದು ನಿಮಿಷದಲ್ಲಿ ಪೂರ್ತಿ ಹಿಮ್ಮುಖವಾಗಿರುತ್ತದೆ! ಹೀಗೆ ಹೆಚ್ಚು ಕಾಲದ ಗುರುತುಗಳಿಂದ ಲೆಕ್ಕವನ್ನು ನಯಗೊಳಿಸಿದಷ್ಟೂ ತಿರುವು ತಡವಾಗಿ ತಿಳಿಯುತ್ತದೆ. ಈ ಎಳೆದಾಟಕ್ಕೆ ಪೂರ್ಣ ಪರಿಹಾರವಿಲ್ಲ. ಹೆಚ್ಚೆಂದರೆ, ಚುಕ್ಕೆ ನಿರೀಕ್ಷಿಸಿದ ಜಾಗದಿಂದ ಮತ್ತೆ ಮತ್ತೆ ಒಂದೇ ಕಡೆಗೆ ಸರಿಯುವುದನ್ನು ಕಂಡ ಅನುಭವಿ ನಿರ್ವಾಹಕ ತಿರುವನ್ನು ಮೊದಲೇ ಗ್ರಹಿಸುತ್ತಾನೆ. ಇಲ್ಲಿ ಮನುಷ್ಯನ ಕಣ್ಣಿಗೆ ನಾನು ಬಹಳ ಬೆಲೆ ಕೊಡುತ್ತೇನೆ.

ಆ ಕಣ್ಣು ಒಂದೇ ಕಡೆ ಇರಲು ಸಾಧ್ಯವಾಗುವುದಿಲ್ಲ ಎಂಬುದೇ ತೊಂದರೆ. ಎಂಟು ಗುರಿಗಳಿದ್ದು, ಒಂದೊಂದಕ್ಕೂ 3 ಸೆಕೆಂಡ್ ಬೇಕಾದರೆ ಒಂದು ಸರದಿಗೆ 24 ಸೆಕೆಂಡ್ ಹಿಡಿಯುತ್ತದೆ. ಸಮುದ್ರಮಟ್ಟದಿಂದ 5 ಮೀಟರ್ ಎತ್ತರದಲ್ಲಿ ಬರುವ ಕ್ಷಿಪಣಿ, ಭೂಮಿಯ ಮೇಲ್ಮೈ ಬಾಗಿರುವುದರಿಂದ, 20 ಮೀಟರ್ ಎತ್ತರದ ಆಂಟೆನಾಕ್ಕೆ ಕಾಣಿಸುವುದೇ ಸುಮಾರು 27 ಕಿಲೋಮೀಟರ್ ದೂರದಲ್ಲಿ. ಸೆಕೆಂಡಿಗೆ 300 ಮೀಟರ್ ವೇಗವಿದ್ದರೆ ಉಳಿಯುವುದು ಒಂದೂವರೆ ನಿಮಿಷ. ಅಂಥ ಗುರಿಯನ್ನು ಸರದಿಯಲ್ಲಿ ಕಾಯಿಸುವಂತಿಲ್ಲ. ಅದರ ಜಾಡು ಹಿಡಿಯುವುದನ್ನು ಪೂರ್ತಿ ಯಂತ್ರಕ್ಕೇ ಬಿಡಬೇಕು.

ನನಗೆ ನಿಜವಾಗಿ ಭಯ ಹುಟ್ಟಿಸುವುದು ಬೇರೆಯೇ ಇದೆ. ನಿರ್ವಾಹಕ ಮುಟ್ಟದಿದ್ದರೂ ಗುರುತು ಹಳೆಯ ವೇಗದಲ್ಲೇ ಪರದೆಯ ಮೇಲೆ ಸರಾಗವಾಗಿ ಚಲಿಸುತ್ತಿರುತ್ತದೆ. ಈಗಷ್ಟೇ ಸರಿಪಡಿಸಿದ ಗುರುತಿಗೂ 40 ಸೆಕೆಂಡ್ ಹಿಂದಿನದಕ್ಕೂ ನೋಟದಲ್ಲಿ ವ್ಯತ್ಯಾಸವೇ ಇರುವುದಿಲ್ಲ. ಅದಕ್ಕೇ ಯಾವ ಪರದೆಯ ವಿನ್ಯಾಸ ನನ್ನ ಮುಂದೆ ಬಂದರೂ, ಪ್ರತಿ ಗುರುತಿನ ಪಕ್ಕದಲ್ಲಿ ಅದನ್ನು ಕೊನೆಯ ಬಾರಿ ಸರಿಪಡಿಸಿ ಎಷ್ಟು ಸೆಕೆಂಡಾಯಿತು ಎಂಬುದನ್ನು ತೋರಿಸಿ ಎಂದು ಪಟ್ಟು ಹಿಡಿಯುತ್ತೇನೆ. ಕ್ಷಿಪಣಿ ಹಾರಿಸಲು ಆದೇಶ ಕೊಡುವ ಅಧಿಕಾರಿಗೂ ಆ ಅಂಕಿ ಕಾಣಬೇಕು.