ಅಡಿಕೆ ನೆರಳಲ್ಲಿ ಲವಂಗ: ಬಯಲುಸೀಮೆಗೆ ಎಷ್ಟು ಒಗ್ಗೀತು?

ಗುಬ್ಬಿ, ತುರುವೇಕೆರೆ ಕಡೆಯ ಅಡಿಕೆ ತೋಟಗಳಲ್ಲಿ ಮೆಣಸಿನ ಬಳ್ಳಿ ಈಗ ಅಪರೂಪವೇನಲ್ಲ. ಮೆಣಸು ಕೈಹಿಡಿದ ಮೇಲೆ ಜಾಯಿಕಾಯಿ, ಲವಂಗದ ಮಾತು ಬರುತ್ತದೆ. ಜೂನ್‌ನಲ್ಲಿ ನೆಟ್ಟ ಲವಂಗದ ಸಸಿ ಮಳೆಗಾಲ ಮುಗಿಯುವುದರೊಳಗೆ ಕೆಂಪು ಚಿಗುರು ಬಿಟ್ಟು ಆಸೆ ಹುಟ್ಟಿಸುತ್ತದೆ. ಮಾರ್ಚ್ ಬಂತೆಂದರೆ ಎಲೆಯಂಚು ಕಂದಿ, ಸುಳಿ ಒಣಗುತ್ತದೆ. ಗೊಬ್ಬರ ಸಾಲಲಿಲ್ಲ ಎಂದು ಇನ್ನೊಂದು ಬುಟ್ಟಿ ಸುರಿಯುವವರೇ ಹೆಚ್ಚು. ಆದರೆ ಸಸಿಯನ್ನು ಒಣಗಿಸಿದ್ದು ಬೇಸಿಗೆಯ ಗಾಳಿ. ಈ ಮರ ಎಲ್ಲಿಂದ ಹೊರಟು ಎಲ್ಲೆಲ್ಲಿ ಬೇರೂರಿತು ಎಂದು ನೋಡಿದರೆ ಅದಕ್ಕೆ ಏನು ಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಲವಂಗದ ತವರು ಈಗಿನ ಇಂಡೊನೇಷ್ಯಾದ ಮಲುಕು ದ್ವೀಪಗಳು. ಟೆರ್ನಾಟೆ, ಟಿಡೋರೆ, ಮಕಿಯಾನ್‌ನಂಥ ಜ್ವಾಲಾಮುಖಿ ದ್ವೀಪಗಳ ಇಳಿಜಾರಿನಲ್ಲಿ, ಕಡಲಗಾಳಿ ತಾಕುವಲ್ಲಿ ಬೆಳೆದ ಮರ ಇದು. ನಮ್ಮವರಿಗೂ ಇದು ಹೊರಗಿನ ಸರಕು ಎಂಬುದು ಮೊದಲಿಂದ ಗೊತ್ತಿತ್ತು. ಕಾಳಿದಾಸನ ರಘುವಂಶದಲ್ಲಿ ಲವಂಗದ ಹೂವನ್ನು ಗಾಳಿ ಹೊತ್ತು ತರುವುದು ಬೇರೆ ದ್ವೀಪದಿಂದಲೇ. ಹದಿನೇಳನೇ ಶತಮಾನದಲ್ಲಿ ಡಚ್ಚರು ಬೆಲೆ ಬೀಳಬಾರದೆಂದು ಉತ್ತರದ ದ್ವೀಪಗಳ ಮರಗಳನ್ನು ಕಡಿಸಿ, ಬೆಳೆಯನ್ನು ಅಂಬೋನ್ ಸುತ್ತಮುತ್ತಲಿಗೆ ಕಟ್ಟಿಹಾಕಿದರು. ಆ ಏಕಸ್ವಾಮ್ಯ ಸಡಿಲಗೊಂಡದ್ದು 1770ರಲ್ಲಿ, ಫ್ರೆಂಚ್ ಆಡಳಿತಗಾರ ಪಿಯರ್ ಪುವಾವ್ರ್ ಕಳ್ಳದಾರಿಯಲ್ಲಿ ಸಸಿಗಳನ್ನು ಮಾರಿಷಸ್‌ಗೆ ತರಿಸಿಕೊಂಡಾಗ. ಮುಂದೆ ಆಫ್ರಿಕಾದ ಪೂರ್ವಕ್ಕಿರುವ ದ್ವೀಪಗಳಾದ ಮಡಗಾಸ್ಕರ್, ಜಾಂಜಿಬಾರ್, ಪೆಂಬಾ. ಜಾಂಜಿಬಾರ್‌ನ ತೋಟಗಳು ಎದ್ದದ್ದು ಗುಲಾಮರ ದುಡಿಮೆಯಿಂದ. 1872ರ ಚಂಡಮಾರುತಕ್ಕೆ ಅಲ್ಲಿನ ಬಹುಪಾಲು ಮರಗಳು ನೆಲಕ್ಕುರುಳಿದವು, ಪಕ್ಕದ ಪೆಂಬಾ ಬಚಾವಾಯಿತು. ಭಾರತಕ್ಕೆ ಲವಂಗ ತಂದದ್ದು ಈಸ್ಟ್ ಇಂಡಿಯಾ ಕಂಪನಿ, 1800ರ ಸುಮಾರಿಗೆ, ತಮಿಳುನಾಡಿನ ಜಲಪಾತವಿರುವ ಕುಟ್ರಾಲಂಗೆ. ಅಲ್ಲಿಂದ ಅದು ಕನ್ಯಾಕುಮಾರಿ, ನೀಲಗಿರಿ, ಕೇರಳದ ಬೆಟ್ಟಗಳಿಗೆ, ನಮ್ಮ ಕಡೆ ದಕ್ಷಿಣ ಕನ್ನಡ, ಕೊಡಗಿಗೆ ಹಬ್ಬಿತು. ನೆಲೆ ನಿಂತದ್ದೆಲ್ಲ ದ್ವೀಪದಲ್ಲಿ, ಇಲ್ಲವೇ ಮಳೆ ಸುರಿಯುವ ಘಟ್ಟದ ಮಗ್ಗುಲಲ್ಲಿ. ಇಷ್ಟಾದರೂ ದೇಶದ ಅಗತ್ಯ ತುಂಬುತ್ತಿಲ್ಲ. ಮಡಗಾಸ್ಕರ್, ತಾಂಜಾನಿಯಾ, ಕೊಮೊರೊಸ್‌ನಿಂದ ತರಿಸಿಕೊಳ್ಳುತ್ತಲೇ ಇದ್ದೇವೆ.

ಲವಂಗ ಬಯಸುವುದು ವರ್ಷಕ್ಕೆ 1500ರಿಂದ 2500 ಮಿ.ಮೀ. ಮಳೆ, 20ರಿಂದ 30 ಡಿಗ್ರಿ ಉಷ್ಣತೆ, ಸದಾ ತೇವದ ಗಾಳಿ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಬೀಳುವ ಮಳೆ ಅದರ ಅರ್ಧಕ್ಕೂ ಕಡಿಮೆ. ಎತ್ತರ ತೊಂದರೆಯಲ್ಲ, ಸಾವಿರ ಮೀಟರಿನವರೆಗೆ ಮರ ಬರುತ್ತದೆ. ನೀರಿನ ಕೊರತೆಯನ್ನು ಡ್ರಿಪ್ಪಿನಿಂದ ಸ್ವಲ್ಪ ಮುಚ್ಚಬಹುದು, ಗಾಳಿಯ ತೇವವನ್ನು ಮಾತ್ರ ಕೊಳವೆಬಾವಿ ಕೊಡಲಾರದು. ಹಾಗಾಗಿ ಬಯಲಲ್ಲಿ, ಮಾವಿನ ತೋಪಿನ ಅಂಚಿನಲ್ಲಿ, ಟೊಮೆಟೊ ಹೊಲದ ಬದುವಿನಲ್ಲಿ ಲವಂಗ ನೆಡುವುದು ದಂಡ. ಸಾವಿರ ಅಡಿ ದಾಟಿದ ಬೋರ್‌ವೆಲ್ ನಂಬಿರುವ ಕೋಲಾರದ ಬಹುಪಾಲು ಜಮೀನಿಗೆ ಇದು ಬೇಡವೇ ಬೇಡ. ಹೇಮಾವತಿ ನಾಲೆಯ ತಗ್ಗಿನಲ್ಲಿ, ಕೆರೆಯ ಹಿಂದಿನ ಹಳೇ ಅಡಿಕೆ–ತೆಂಗಿನ ತೋಟದ ನಡುಭಾಗದಲ್ಲಿ, ನೆರಳೂ ತಂಪೂ ಕೂಡಿದ ಕಡೆ ನಾಲ್ಕಾರು ಮರ ಬೆಳೆಸಬಹುದು. ಎಕರೆಗಟ್ಟಲೆ ಲೆಕ್ಕ ಹಾಕಬಾರದು.

ನೆಡುವವರು ಮೊದಲು ನೋಡಬೇಕಾದ್ದು ಸಸಿಯ ಬೇರು. ಲವಂಗದ ಬೀಜ ಮರದಿಂದ ಬಿದ್ದ ವಾರದೊಳಗೇ ಮೊಳಕೆಯ ಶಕ್ತಿ ಕಳೆದುಕೊಳ್ಳತೊಡಗುತ್ತದೆ. ಅಂಗಡಿಯ ಲವಂಗ ಒಣಮೊಗ್ಗಾದ್ದರಿಂದ ಮೊಳೆಯುವ ಮಾತೇ ಇಲ್ಲ. ಪೂರ್ತಿ ಹಣ್ಣಾದ ಕಾಯಿಯನ್ನು ರಾತ್ರಿ ನೆನೆಸಿ, ಸಿಪ್ಪೆ ಸುಲಿದು, 2 ಸೆಂ.ಮೀ. ಆಳಕ್ಕೆ ಬಿತ್ತಬೇಕು. ಸಸಿ ಗುಂಡಿಗೆ ಹೋಗುವ ಹೊತ್ತಿಗೆ ಒಂದೂವರೆಯಿಂದ ಎರಡು ವರ್ಷ. ಅಷ್ಟು ದಿನ ಸಣ್ಣ ಪ್ಯಾಕೆಟ್ಟಿನಲ್ಲೇ ಇದ್ದರೆ ತಾಯಿಬೇರು ತಳದಲ್ಲಿ ಸುರುಳಿ ಸುತ್ತಿರುತ್ತದೆ. ಅಂಥ ಸಸಿ ಎರಡು ವರ್ಷ ಹಸಿರಾಗಿದ್ದು, ಒಂದು ಬೇಸಿಗೆಯಲ್ಲಿ ಕಾರಣವಿಲ್ಲದಂತೆ ಒಣಗುತ್ತದೆ. ಪ್ಯಾಕೆಟ್ ಉದ್ದವಿದೆಯೇ, ತಳದಲ್ಲಿ ಬೇರು ಗಂಟು ಕಟ್ಟಿದೆಯೇ ನೋಡಿ ಕೊಳ್ಳಿ.

ಗುಂಡಿ ಎರಡರಿಂದ ಎರಡೂವರೆ ಅಡಿ ಉದ್ದ, ಅಗಲ, ಆಳ. ಮೇಲ್ಮಣ್ಣಿನ ಜೊತೆ 15 ಕಿಲೋದಷ್ಟು ಕಳಿತ ಕೊಟ್ಟಿಗೆ ಗೊಬ್ಬರ. ಮರದಿಂದ ಮರಕ್ಕೆ 6ರಿಂದ 7 ಮೀಟರ್ ಬೇಕು. ಅಡಿಕೆ 9 ಅಡಿ ಅಂತರದಲ್ಲಿದ್ದರೆ 18 ಅಡಿಗೊಂದು ಲವಂಗ ಇಕ್ಕಟ್ಟು, 27 ಅಡಿಗೊಂದು ನೆಮ್ಮದಿ. ಪಡುವಣ ಬಿಸಿಲು ನೇರ ಹೊಡೆಯದ ಜಾಗ ಆರಿಸಿ, ಮೊದಲ ಮೂರ್ನಾಲ್ಕು ಬೇಸಿಗೆ ತೆಂಗಿನ ಗರಿಯ ಮರೆ ಕಟ್ಟಿ, ಬುಡಕ್ಕೆ ಅಡಿಕೆ ಸೋಗೆ ದಪ್ಪಗೆ ಹೊದಿಸಬೇಕು, ಕಾಂಡಕ್ಕೆ ಮಾತ್ರ ತಾಕದಂತೆ. ನೀರು ದಿನಾ ಸ್ವಲ್ಪ ಸ್ವಲ್ಪ. ವಾರಕ್ಕೊಮ್ಮೆ ಕಟ್ಟಿ ನಿಲ್ಲಿಸಿದರೆ ಬೇರು ಕೊಳೆಯುತ್ತದೆ. ಬಸಿಗಾಲುವೆ ಇಲ್ಲದ ಗದ್ದೆಮಣ್ಣಿನ ತೋಟದಲ್ಲಿ ಮರ ಸಾಯುವುದು ಹೀಗೆ. ಉಪ್ಪಿನಂಶದ ಬೋರ್ ನೀರು ಎಲೆತುದಿಯನ್ನು ಸುಡುತ್ತದೆ, ಅದಕ್ಕೆ ಔಷಧಿ ಸಿಂಪಡಿಸಿ ಫಲವಿಲ್ಲ. ಮಳೆಗಾಲದ ಎಲೆಚುಕ್ಕೆಗೆ ಶೇ. 1ರ ಬೋರ್ಡೋ (ಮೈಲುತುತ್ತ–ಸುಣ್ಣದ) ದ್ರಾವಣ ಸಾಕು. ಬುಡದ ಬಳಿ ತೊಗಟೆಯ ಮೇಲೆ ಹೊಟ್ಟಿನಂಥ ಪುಡಿ ಕಂಡರೆ ಕಾಂಡ ಕೊರೆಯುವ ಹುಳು ಒಳಗಿದೆ ಎಂದರ್ಥ.

ಮೊದಲ ಮೊಗ್ಗು ಏಳೆಂಟನೇ ವರ್ಷಕ್ಕೆ, ತುಂಬು ಇಳುವರಿ ಹದಿನೈದು ದಾಟಿದ ಮೇಲೆ. ಮೊಗ್ಗು ಮೂಡಿ ಬಲಿಯಲು 4ರಿಂದ 6 ತಿಂಗಳು ಬೇಕು, ಆ ನಡುವೆ ಒಣಗಾಳಿ ಬೀಸಿದರೆ ನೆಲವೆಲ್ಲ ಎಳೆಮೊಗ್ಗು. ಹಸಿರು ಮೊಗ್ಗಿನ ಬುಡ ನಸುಗೆಂಪಾಗಿ, ತಲೆಯ ಗುಂಡು ಇನ್ನೂ ಅರಳದಿರುವಾಗಲೇ ಗೊಂಚಲು ಕೀಳಬೇಕು. ಅರಳಿದರೆ ಗುಂಡು ಉದುರಿ ಬೆಲೆ ಬೀಳುತ್ತದೆ. ಕೊಂಬೆ ಪೆಡಸು, ಜಗ್ಗಿದರೆ ಮುರಿಯುತ್ತದೆ. ಮುಂದಿನ ಫಸಲು ಬರುವುದು ಅದೇ ರೆಂಬೆಯ ತುದಿಯಲ್ಲಿ, ಆದ್ದರಿಂದ ಏಣಿ ಬೇಕೇ ಬೇಕು. ಮೊಗ್ಗನ್ನು ತೊಟ್ಟಿನಿಂದ ಬಿಡಿಸಿ ಅದೇ ದಿನ ಹರವಬೇಕು. ರಾತ್ರಿ ಗುಡ್ಡೆ ಹಾಕಿದರೆ ಕಾವು ಹಿಡಿದು ಬಿಳಿಚಿ, ಸುಕ್ಕುಗಟ್ಟುತ್ತದೆ. ನಾಲ್ಕೈದು ಬಿಸಿಲಿಗೆ ಮೂರು ಕಿಲೋ ಒಂದು ಕಿಲೋ ಆಗುತ್ತದೆ, ಒಂದು ಕಿಲೋಗೆ 11ರಿಂದ 15 ಸಾವಿರ ಮೊಗ್ಗು. ಒಳ್ಳೆಯ ಸೀಮೆಯಲ್ಲೇ ಮರಕ್ಕೆ ವರ್ಷದ ಸರಾಸರಿ 2 ಕಿಲೋ, ಅದೂ ಒಂದು ವರ್ಷ ಹೊರೆ, ಮರುವರ್ಷ ಬರಿದು. ಕೊಯ್ಲಿನ ಕೂಲಿ ಕಳೆದು ಲೆಕ್ಕ ಹಾಕಿ ನೋಡಿ.

ಕೊಳ್ಳುವವರಿಗೂ ಒಂದು ಮಾತು. ಮೊಗ್ಗಿನಲ್ಲಿ ಶೇ. 15ರಿಂದ 20ರಷ್ಟು ಎಣ್ಣೆ, ಅದರಲ್ಲಿ ಬಹುಪಾಲು ಯೂಜಿನಾಲ್. ಹಲ್ಲುನೋವಿಗೆ ಜೋಮು ಹಿಡಿಸುವುದೂ, ನಾಟಿಕೋಳಿ ಸಾರಿನಲ್ಲಿ ಚಕ್ಕೆಯ ಜೊತೆ ಘಮ್ಮೆನ್ನುವುದೂ ಅದೇ. ಎಣ್ಣೆ ಹಿಂಡಿದ ಲವಂಗವನ್ನು ಒಳ್ಳೆಯದರ ಜೊತೆ ಬೆರೆಸಿ ಮಾರುವುದು ಹಳೇ ಕಸುಬು. ಲೋಟದ ನೀರಿಗೆ ಹಾಕಿ: ಎಣ್ಣೆ ಇರುವುದು ಮುಳುಗುತ್ತದೆ ಅಥವಾ ನೆಟ್ಟಗೆ ನಿಲ್ಲುತ್ತದೆ, ಇಲ್ಲದ್ದು ಅಡ್ಡಡ್ಡ ತೇಲುತ್ತದೆ. ಉಗುರಿನಿಂದ ಒತ್ತಿದರೆ ಜಿಡ್ಡು ಹತ್ತಬೇಕು. ಪುಡಿ ಮಾಡಿಟ್ಟರೆ ಘಮ ಬೇಗ ಹಾರುತ್ತದೆ, ಇಡಿಯಾಗಿಯೇ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡಿ.