ಟೈಪ್ ಮಾಡುವ ಪಾಸ್‌ವರ್ಡ್ ಟರ್ಮಿನಲ್‌ನಲ್ಲಿ ಕಾಣದಂತೆ ಮಾಡುವುದು ಹೇಗೆ?

ಪ್ರಶ್ನೆ: ಪೈಥಾನ್‌ನಲ್ಲಿ ಒಂದು ಚಿಕ್ಕ ಕಮಾಂಡ್ ಲೈನ್ ಪ್ರೋಗ್ರಾಂ ಬರೆದಿದ್ದೇನೆ. ಇನ್‌ಪುಟ್ ಫಂಕ್ಷನ್‌ನಿಂದ ಪಾಸ್‌ವರ್ಡ್ ಕೇಳುತ್ತೇನೆ. ಟೈಪ್ ಮಾಡಿದ್ದೆಲ್ಲ ಪರದೆ ಮೇಲೆ ಹಾಗೇ ಕಾಣುತ್ತದೆ. ಅದನ್ನು ಮರೆಮಾಡಬಹುದಾ? ಅಕ್ಷರದ ಬದಲು ನಕ್ಷತ್ರ ತೋರಿಸಬಹುದಾ?

ಉತ್ತರ: ಮರೆಮಾಡುವುದು ಸುಲಭ. ಇನ್‌ಪುಟ್ ಬದಲು ಗೆಟ್‌ಪಾಸ್ ಬಳಸಿ. ಆ ಮಾಡ್ಯೂಲ್ ಪೈಥಾನ್ ಜೊತೆಗೇ ಬರುತ್ತದೆ, ಬೇರೆ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಒಂದು ಸಾಲು ಬದಲಾಯಿಸಿದರೆ ಕೆಲಸ ಮುಗಿಯಿತು. ಆದರೆ ಒಳಗೆ ಏನಾಗುತ್ತದೆ ಅಂತ ಗೊತ್ತಿದ್ದರೆ ಮುಂದೆ ಜಾಸ್ತಿ ಪರದಾಡಬೇಕಾಗುವುದಿಲ್ಲ.

ಅಕ್ಷರಗಳನ್ನು ಪರದೆಗೆ ಹಾಕುತ್ತಿರುವುದು ನಿಮ್ಮ ಪ್ರೋಗ್ರಾಂ ಅಲ್ಲ. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಆ ಕೆಲಸ ಮಾಡುವುದು ಕರ್ನೆಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಒಳಗಿನ ಟರ್ಮಿನಲ್ ಡ್ರೈವರ್. ನೀವು ಎಂಟರ್ ಒತ್ತುವವರೆಗೂ ಪ್ರೋಗ್ರಾಂ ಕೈಗೆ ಒಂದು ಅಕ್ಷರವೂ ಸಿಕ್ಕಿರುವುದಿಲ್ಲ. ಹಾಗಾಗಿ ಓದಿದ ಮೇಲೆ ಪರದೆ ಅಳಿಸಿ ಪ್ರಯೋಜನವಿಲ್ಲ, ಪಕ್ಕದಲ್ಲಿದ್ದವರು ಅಷ್ಟರಲ್ಲಿ ನೋಡಿರುತ್ತಾರೆ. ‘ಎಕೋ ಮಾಡಬೇಡ’, ಅಂದರೆ ಟೈಪ್ ಮಾಡಿದ್ದನ್ನು ಪರದೆಗೆ ಹಾಕಬೇಡ ಅಂತ ಡ್ರೈವರ್‌ಗೇ ಮೊದಲು ಹೇಳಬೇಕು.

ಇದನ್ನು ಕಣ್ಣಾರೆ ನೋಡಬಹುದು. ಕಮಾಂಡ್‌ಗಳನ್ನು ಓಡಿಸುವ ಶೆಲ್ ಆದ ಬ್ಯಾಶ್‌ನಲ್ಲಿ, ಟರ್ಮಿನಲ್ ಸೆಟ್ಟಿಂಗ್ ಬದಲಿಸುವ ಎಸ್‌ಟಿಟಿವೈ ಕಮಾಂಡಿಗೆ ‘ಮೈನಸ್ ಎಕೋ’ ಕೊಡಿ. ಆಮೇಲೆ ‘ಡೇಟ್’ ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಟೈಪ್ ಮಾಡಿದ್ದು ಕಾಣುವುದಿಲ್ಲ, ಆದರೆ ಇವತ್ತಿನ ತಾರೀಖು ಬರುತ್ತದೆ. ಇನ್‌ಪುಟ್ ಒಳಗೆ ಹೋಗುತ್ತಲೇ ಇದೆ, ತೋರಿಸುವುದು ಮಾತ್ರ ನಿಂತಿದೆ. ಈಗ ಅದೇ ಕಮಾಂಡನ್ನು ಮೈನಸ್ ಇಲ್ಲದೆ, ಸುಮ್ನೆ ‘ಎಕೋ’ ಅಂತ ಕೊಡಿ. ಕಾಣದಿದ್ದರೂ ಟೈಪ್ ಮಾಡಿ, ಎಲ್ಲ ಮೊದಲಿನಂತಾಗುತ್ತದೆ.

ಗೆಟ್‌ಪಾಸ್ ಮಾಡುವುದೂ ಇದನ್ನೇ, ಇನ್ನಷ್ಟು ಜೋಪಾನವಾಗಿ. ಟರ್ಮಿನಲ್‌ನ ಹಳೇ ಸೆಟ್ಟಿಂಗ್ ಎತ್ತಿಟ್ಟುಕೊಂಡು, ಎಕೋ ಆಫ್ ಮಾಡಿ, ಒಂದು ಸಾಲು ಓದಿ, ಹಳೇ ಸೆಟ್ಟಿಂಗ್ ವಾಪಸ್ ಹಾಕುತ್ತದೆ. ನಡುವೆ ಕಂಟ್ರೋಲ್ ಸಿ ಒತ್ತಿದರೂ ವಾಪಸ್ ಹಾಕುವುದನ್ನು ತಪ್ಪಿಸುವುದಿಲ್ಲ. ಸ್ವಂತವಾಗಿ ಬರೆಯುವವರು ಎಡವುವುದು ಇಲ್ಲೇ. ಸಿ ಭಾಷೆಯಲ್ಲಿ ಟರ್ಮಿಯೋಸ್ (ಟರ್ಮಿನಲ್ ಸೆಟ್ಟಿಂಗ್ ಬದಲಿಸುವ ಫಂಕ್ಷನ್‌ಗಳು) ಬಳಸಿ ಎಕೋ ಆಫ್ ಮಾಡುತ್ತಾರೆ, ಬಳಕೆದಾರರು ಮಧ್ಯದಲ್ಲೇ ಕಂಟ್ರೋಲ್ ಸಿ ಒತ್ತುತ್ತಾರೆ, ಪ್ರೋಗ್ರಾಂ ಸಾಯುತ್ತದೆ, ಎಕೋ ಆಫ್ ಆಗಿಯೇ ಉಳಿದುಬಿಡಬಹುದು. ಪಾಪ, ಅವರು ಕೀಬೋರ್ಡೇ ಕೆಟ್ಟಿತು ಅಂದುಕೊಳ್ಳುತ್ತಾರೆ. ಆದ್ದರಿಂದ ಕಂಟ್ರೋಲ್ ಸಿ ಕಳಿಸುವ ಸಿಗ್ನಲ್ ಹಿಡಿದು ಸೆಟ್ಟಿಂಗ್ ವಾಪಸ್ ಹಾಕಲೇಬೇಕು. ನೀವೇ ಇಂಥ ಸ್ಥಿತಿಯಲ್ಲಿ ಸಿಕ್ಕಿಕೊಂಡರೆ ಎಸ್‌ಟಿಟಿವೈಗೆ ‘ಸೇನ್’ ಅಂತ ಕೊಡಿ, ಸರಿಹೋಗುತ್ತದೆ.

ಯುನಿಕ್ಸ್‌ನಲ್ಲಿ (ಲಿನಕ್ಸ್, ಮ್ಯಾಕ್ ಇದರಲ್ಲೇ ಬರುತ್ತವೆ) ಗೆಟ್‌ಪಾಸ್ ಪಾಸ್‌ವರ್ಡನ್ನು ನೇರವಾಗಿ ಟರ್ಮಿನಲ್‌ನಿಂದಲೇ ಕೇಳಲು ನೋಡುತ್ತದೆ. ಹಾಗಾಗಿ ಪ್ರೋಗ್ರಾಮಿನ ಇನ್‌ಪುಟ್ ಫೈಲ್‌ನಿಂದ ಬರುತ್ತಿದ್ದರೂ ತೊಂದರೆಯಿಲ್ಲ. ಎಕೋ ಆಫ್ ಮಾಡಲು ಆಗದ ಕಡೆ, ಉದಾಹರಣೆಗೆ ಕೆಲವು ಎಡಿಟರ್‌ಗಳ ರನ್ ವಿಂಡೋದಲ್ಲಿ, ಒಂದು ಎಚ್ಚರಿಕೆ ಬರುತ್ತದೆ ಮತ್ತು ಪಾಸ್‌ವರ್ಡ್ ಕಾಣಿಸಬಹುದು. ಆ ಎಚ್ಚರಿಕೆಯನ್ನು ದಯವಿಟ್ಟು ಮುಚ್ಚಿಹಾಕಬೇಡಿ. ನಿಜವಾದ ಟರ್ಮಿನಲ್‌ನಲ್ಲಿ ರನ್ ಮಾಡಿ ನೋಡಿ.

ಬ್ಯಾಶ್ ಸ್ಕ್ರಿಪ್ಟ್ ಆದರೆ ರೀಡ್ ಕಮಾಂಡಿಗೆ ‘ಮೈನಸ್ ಎಸ್’ ಸಾಕು. ಜಾವಾದಲ್ಲಿ ಕನ್ಸೋಲ್ ಕ್ಲಾಸಿನ ರೀಡ್‌ಪಾಸ್‌ವರ್ಡ್ ಇದೆ. ಅದು ಸ್ಟ್ರಿಂಗ್ ಬದಲು ಅಕ್ಷರಗಳ ಅರೇ ಕೊಡುತ್ತದೆ, ಕೆಲಸ ಆದ ಮೇಲೆ ಅದನ್ನು ಅಳಿಸಿಬಿಡಬಹುದು.

ಇನ್ನು ನಕ್ಷತ್ರ. ನನ್ನ ಅಭಿಪ್ರಾಯದಲ್ಲಿ ಬೇಡ. ಪಾಸ್‌ವರ್ಡ್ ಎಷ್ಟು ಉದ್ದ ಅಂತ ನೋಡುವವರಿಗೆ ಗೊತ್ತಾಗುತ್ತದೆ. ಜೊತೆಗೆ ಒಂದೊಂದೇ ಅಕ್ಷರ ಓದಬೇಕು, ಬ್ಯಾಕ್‌ಸ್ಪೇಸನ್ನೂ ನೀವೇ ನಿಭಾಯಿಸಬೇಕು. ಇದು ಕಾಣುವಷ್ಟು ಸಲೀಸಲ್ಲ. ಕಮಾಂಡ್‌ಗಳನ್ನು ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಸುಡೋದಲ್ಲಿ ನಕ್ಷತ್ರ ತೋರಿಸುವ ಒಂದು ಆಯ್ಕೆ ಇದೆ. ಆ ನಕ್ಷತ್ರಗಳನ್ನು ಅಳಿಸುವ ಕೋಡ್‌ನಲ್ಲಿದ್ದ ಬಫರ್ ಓವರ್‌ಫ್ಲೋ ದೋಷ (ಮೀಸಲಿಟ್ಟ ಜಾಗ ಮೀರಿ ಮೆಮೊರಿಗೆ ಬರೆಯುವ ತಪ್ಪು) 2020ರಲ್ಲಿ ಬಯಲಿಗೆ ಬಂತು. ಆ ಆಯ್ಕೆ ಆನ್ ಇದ್ದರೆ, ಸುಡೋ ಬಳಸುವ ಅನುಮತಿಯೇ ಇಲ್ಲದವರೂ ರೂಟ್ (ಯಂತ್ರದ ಪೂರ್ಣ ಅಧಿಕಾರ ಇರುವ ಬಳಕೆದಾರ) ಆಗುವ ಸಾಧ್ಯತೆ ಇತ್ತು. 1.8.31 ಆವೃತ್ತಿಯಲ್ಲಿ ಅದನ್ನು ಸರಿಪಡಿಸಿದರು. ನಕ್ಷತ್ರ ಬೇಕೇ ಬೇಕು ಅಂದರೆ, ಪೈಥಾನ್ 3.14ರಿಂದ ಗೆಟ್‌ಪಾಸ್‌ನಲ್ಲೇ ಆ ಸೌಲಭ್ಯ ಇದೆ, ಅದನ್ನೇ ಬಳಸಿ. ಹೊಸಬರು ಗಾಬರಿಯಾಗುತ್ತಾರೆ ಅನ್ನುವುದಷ್ಟೇ ಚಿಂತೆಯಾದರೆ, ‘ಟೈಪ್ ಮಾಡಿದ್ದು ಕಾಣುವುದಿಲ್ಲ’ ಅಂತ ಪ್ರಾಂಪ್ಟ್‌ನಲ್ಲೇ ಬರೆದರೆ ಸಾಕು ಅಲ್ವಾ?

ಪಾಸ್‌ವರ್ಡನ್ನು ಕಮಾಂಡಿನ ಜೊತೆಗೇ ಆರ್ಗ್ಯುಮೆಂಟ್ ಆಗಿ ತೆಗೆದುಕೊಳ್ಳುವ ದಾರಿಯನ್ನಂತೂ ಇಡಲೇಬೇಡಿ. ಅದು ಶೆಲ್ ಹಿಸ್ಟರಿ ಫೈಲ್‌ನಲ್ಲಿ ಉಳಿದುಬಿಡುತ್ತದೆ. ಪ್ರೋಗ್ರಾಂ ಓಡುತ್ತಿರುವಾಗ ಅದೇ ಯಂತ್ರದ ಬೇರೆ ಬಳಕೆದಾರರು ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ಕೊಡುವ ‘ಪಿಎಸ್’ ಹೊಡೆದರೂ ಸಾಮಾನ್ಯವಾಗಿ ಕಾಣುತ್ತದೆ. ಸ್ಕ್ರಿಪ್ಟ್‌ನಿಂದ ಪಾಸ್‌ವರ್ಡ್ ಕೊಡಬೇಕಾದರೆ ಸ್ಟ್ಯಾಂಡರ್ಡ್ ಇನ್‌ಪುಟ್‌ನಿಂದ (ಪ್ರೋಗ್ರಾಮಿಗೆ ಬರುವ ಮಾಮೂಲಿ ಇನ್‌ಪುಟ್) ಓದುವ ಆಯ್ಕೆ ಇಡಿ, ಡಾಕರ್ ಲಾಗಿನ್‌ನಲ್ಲಿ ಇರುವ ಹಾಗೆ. ಇಲ್ಲವೇ ಮಾಲೀಕರಿಗೆ ಮಾತ್ರ ಓದಲು ಬರುವಂತೆ ಅನುಮತಿ ಬಿಗಿ ಮಾಡಿದ ಫೈಲ್‌ನಿಂದ ಓದಿ.